ಸೀರೆ ಪೇಟೆಯ ಪಕ್ಕದಲ್ಲೊಂದು ಕಂಪ್ಯೂಟರ್ ಪೇಟೆ

ಬೆಂಗಳೂರಿಗೆ ಹೋದ ಹೆಣ್ಣುಮಕ್ಕಳು ಚಿಕ್ಕಪೇಟೆಗೆ ಕಾಲಿಡದೆ ಊರಿಗೆ ವಾಪಸ್ಸು ಬರುವುದುಂಟೆ? ಮದುವೆ ಜವಳಿಗೆ ಚಿಕ್ಕಪೇಟೆ, ಲಗ್ನಪತ್ರಿಕೆಗೂ ಮಕ್ಕಳ ಪುಸ್ತಕಕ್ಕೂ ಅವೆನ್ಯೂ ರಸ್ತೆ, ಹೂವು ಹಣ್ಣಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಇಷ್ಟು ನಮಗೆಲ್ಲ ಬಾಯಿಪಾಠವಾಗಿರುವ ವಿಷಯ. ಆದರೆ ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಿಕ್ಕುವ ಎಸ್.ಪಿ. ರಸ್ತೆಯನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿ ತೋರಿಸಿದ ಹಾಗೆ ಅಲ್ಲಿ ಕಂಪ್ಯೂಟರಿನ ಹೊಟ್ಟೆಯನ್ನೇ ಬಿಚ್ಚಿ ತೋರಿಸುತ್ತಾರೆ. ಬೇಕಾದ ಬಿಡಿ ಭಾಗಗಳನ್ನು ಆರಿಸಿಕೊಟ್ಟರೆ ನಮ್ಮ ಕಣ್ಣೆದುರಿಗೇ ಜೋಡಿಸಿಯೂ ಕೊಡುತ್ತಾರೆ. 2025ರ ನವೆಂಬರಿನಲ್ಲಿ ಮಗಳ ಜೊತೆ ಅಲ್ಲಿಗೆ ಹೋಗಿ ಬಂದೆ. ಹಾಡು ಹಿಡಿದಿಡುವುದಕ್ಕೆ ಒಂದು ಕಂಪ್ಯೂಟರ್ ಕೊಳ್ಳಬೇಕಾಗಿತ್ತು. ನಮ್ಮಂತಹ ಸಣ್ಣ ಊರಿನ ಸೋದರಿಯರಿಗೆ ಉಪಯೋಗವಾದೀತೆಂದು ಅಲ್ಲಿ ಕಂಡದ್ದು, ಕೇಳಿದ್ದು, ಕೊಂಡದ್ದನ್ನೆಲ್ಲ ಬರೆಯುತ್ತಿದ್ದೇನೆ.

ಹೊರಟ ಕಾರಣ

ನಮ್ಮದು ತಿಪಟೂರು. ನಮ್ಮ ಅತ್ತೆಯವರಿಗೆ ಎಪ್ಪತ್ತಾರು ವರ್ಷ. ಓದು ಬರಹ ಬಾರದು. ಆದರೆ ಸೋಬಾನೆ, ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಪದ, ರಾಗಿ ಬೀಸುವ ಪದ ಎಲ್ಲ ಸೇರಿ ನೂರಕ್ಕೆ ಕಡಿಮೆಯಿಲ್ಲದಷ್ಟು ಅವರ ನಾಲಗೆಯ ಮೇಲಿವೆ. ನಮ್ಮ ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಧಾರೆಯ ಹಿಂದಿನ ದಿನವೇ ಅವರಿಗೆ ಕರೆ ಬರುತ್ತದೆ.

ದಸರಾ ಕಳೆದ ಮೇಲೆ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗ್ರಂಥಿ ಊದಿದೆ, ಆಪರೇಷನ್ ಮಾಡಿ ತೆಗೆಯಬೇಕು ಎಂದರು ಡಾಕ್ಟರು. ಗಂಟಲ ಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಹಿಂದೆಯೇ ಹಾದು ಹೋಗುತ್ತದಂತೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ದನಿ ಒಡೆಯುತ್ತದೆ, ಎಲ್ಲೋ ಕೆಲವರಿಗೆ ಅದು ಹಾಗೇ ಉಳಿಯುವುದೂ ಉಂಟು ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಡಿಸೆಂಬರ್ ಕೊನೆಗೆ ದಿನ ಗೊತ್ತಾಯಿತು. ನಮ್ಮ ಕೈಯಲ್ಲಿ ಉಳಿದದ್ದು ಆರು ವಾರ.

ಮೊಬೈಲಿನಲ್ಲಿ ಹಿಡಿದರೆ ಸಾಲದೆ ಎಂದು ನೀವು ಕೇಳಬಹುದು. ನಾವೂ ಹಿಡಿದು ನೋಡಿದೆವು. ಗೋಡೆಯ ಪ್ರತಿಧ್ವನಿ, ಫ್ಯಾನಿನ ಗಾಳಿ, ಪಕ್ಕದ ಮನೆಯ ಕುಕ್ಕರ್ ಕೂಗು ಎಲ್ಲವೂ ಹಾಡಿನ ಜೊತೆ ಒಂದೇ ಮುದ್ದೆಯಾಗಿ ಕೂತಿದ್ದವು. ಅಲ್ಲದೆ ನಮ್ಮ ಮಹಿಳಾ ಮಂಡಲಿಯವರಿಗೆ ಸೊಲ್ಲು ಹಿಡಿಯುವ ಆಸೆ, ಮಗಳಿಗೆ ಹಾರ್ಮೋನಿಯಂ ಸೇರಿಸುವ ಆಸೆ. ಒಂದೊಂದು ದನಿಯನ್ನು ಬೇರೆ ಬೇರೆಯಾಗಿ ಹಿಡಿದು, ಆಮೇಲೆ ಹದವಾಗಿ ಬೆರೆಸುವುದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಅದಕ್ಕೆ ಕಂಪ್ಯೂಟರ್ ಇದ್ದರೆ ಅನುಕೂಲ. ಸಂಘದ ಚೀಟಿ ಎತ್ತಿದ 50,000 ರೂಪಾಯಿ, ಕೊಬ್ಬರಿ ಮಾರಿ ಬಂದ 15,000, ಒಟ್ಟು 65,000 ಮಡಿಲಲ್ಲಿ ಕಟ್ಟಿಕೊಂಡು ಹೊರಟದ್ದಾಯಿತು.

ಪೇಟೆಗೆ ದಾರಿ

ಬೆಳಗ್ಗೆ ಆರಕ್ಕೆ ತಿಪಟೂರಿನಲ್ಲಿ ಕೆಂಪು ಬಸ್ಸು ಹತ್ತಿದೆವು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಈ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲವಲ್ಲ, ಆಧಾರ್ ಕಾರ್ಡು ಒಂದಿದ್ದರಾಯಿತು. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು ಎಂದು ತೆಂಗಿನ ತೋಟಗಳ ನಡುವೆ ದಾರಿ. ಗುಬ್ಬಿ ಬಂದಾಗ ವೀರಣ್ಣನವರ ಕಂಪನಿಯ ನೆನಪಾಗದೆ ಇರುವುದಿಲ್ಲ. ಊರೂರು ಸುತ್ತಿ ನಾಟಕ ಆಡಿದ ಕಂಪನಿ ಅದು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಹಾಡುತ್ತಿದ್ದ ನಟರು ಇದ್ದ ಸೀಮೆ ನಮ್ಮದು.

ಮೆಜೆಸ್ಟಿಕ್ಕಿನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಆಮೇಲಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. ನೆಲದಡಿಯ ಈ ದಾರಿ 2017ರಲ್ಲಿ ತೆರೆಯಿತು. ಮೊದಲಾದರೆ ಈ ಇಷ್ಟು ದೂರಕ್ಕೆ ಆಟೋದಲ್ಲಿ ಅರ್ಧ ಗಂಟೆ ಹೊಗೆ ಕುಡಿಯಬೇಕಾಗಿತ್ತು. ಈಗ ಕೂತ ಸೀಟು ಬೆಚ್ಚಗಾಗುವ ಮೊದಲೇ ಇಳಿಯಬಹುದು.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಇದು. ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಹೆಸರು ಕೇಳಿದರೇ ವ್ಯಾಪಾರ ತಿಳಿಯುತ್ತದೆ. ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಮಾರುವ ಅಂಗಡಿಗಳೂ ಉಂಟು. ಕಂಪ್ಯೂಟರಿಗೆ ಹೊಸದಾಗಿ ಪೇಟೆ ಎಂಬ ಹೆಸರು ಬೀಳಲಿಲ್ಲ, ಅಷ್ಟೆ. ಕಸುಬು ಒಂದೇ ಕಡೆ ಗುಂಪು ಕೂಡುವ ಪೇಟೆಯ ಹಳೆಯ ಪದ್ಧತಿ ಎಸ್.ಪಿ. ರಸ್ತೆಯಲ್ಲಿ ಹಾಗೇ ಉಳಿದಿದೆ. ಶಿವನಸಮುದ್ರದ ನೀರಿನಿಂದ ಹುಟ್ಟಿದ ಕರೆಂಟು 1905ರಲ್ಲಿ ಮೊದಲು ಬೆಳಗಿದ ಈ ಊರಿನಲ್ಲಿ, ಕರೆಂಟಿನಿಂದ ನಡೆಯುವ ಸಣ್ಣ ಸಣ್ಣ ಸಾಮಾನಿಗೆ ಈಗ ಒಂದು ರಸ್ತೆಯೇ ಸಾಲದಾಗಿದೆ. ಎಡಕ್ಕೂ ಬಲಕ್ಕೂ ಗಲ್ಲಿಗಳಲ್ಲಿ ಹಬ್ಬಿದೆ.

ರಸ್ತೆ ಅಗಲವಿಲ್ಲ. ತಲೆಯ ಮೇಲೆ ವೈರುಗಳ ಬಲೆ, ಕೆಳಗೆ ತಳ್ಳುಗಾಡಿ, ಸ್ಕೂಟರು, ರಟ್ಟಿನ ಪೆಟ್ಟಿಗೆ ಹೊತ್ತ ಹುಡುಗರು. ಒಂದು ಮಳಿಗೆಯಲ್ಲಿ ಬರೀ ಕೇಬಲ್ಲು, ಅದನ್ನು ಸೊಪ್ಪಿನ ಕಟ್ಟಿನ ಹಾಗೆ ನೇತು ಹಾಕಿದ್ದಾರೆ. ಇನ್ನೊಂದರಲ್ಲಿ ಬರೀ ಫ್ಯಾನು. ಮತ್ತೊಂದರಲ್ಲಿ ಗುಂಡಿಸೂಜಿಯಷ್ಟು ಸಣ್ಣ ಬಿಡಿ ಸಾಮಾನು, ಅದನ್ನು ಕೊಳ್ಳಲು ಕಾಲೇಜು ಹುಡುಗರ ದಂಡು. ಮದುವೆ ಮನೆಗೆ ಬೇಕಾದ ಸ್ಪೀಕರು, ಮೈಕು ಮಾರುವವರೂ ಅಲ್ಲೇ ಇದ್ದಾರೆ. ಗಿರಾಕಿಗಳಲ್ಲಿ ಹೆಂಗಸರು ಕಡಿಮೆ. ಆದರೆ ಯಾರೂ ಕೆಕ್ಕರಿಸಿ ನೋಡಲಿಲ್ಲ. "ಬನ್ನಿ ಅಕ್ಕ, ಏನ್ ಬೇಕು?" ಎಂದೇ ಕರೆದರು.

ಚಂದಕ್ಕೆ ಬೇರೆ, ಕೆಲಸಕ್ಕೆ ಬೇರೆ

ನನ್ನ ತಂಗಿಯ ಮಗ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ. ಅವನೂ ಬಂದು ಸೇರಿಕೊಂಡ. "ದೊಡ್ಡಮ್ಮ, ಮೊದಲು ನಾಲ್ಕು ಅಂಗಡಿ ಕೇಳೋಣ. ಯಾರಿಗೂ ದುಡ್ಡು ಕೊಡಬೇಡಿ" ಎಂದ. ಸೀರೆ ಕೊಳ್ಳುವಾಗ ನಾವು ಮಾಡುವುದೂ ಅದನ್ನೇ ಅಲ್ಲವೆ?

ಮೊದಲನೆಯ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೀಲಿ ದೀಪ ಸುತ್ತುವ ಕಂಪ್ಯೂಟರ್ ತೋರಿಸಿದರು. ಗಣಪತಿ ಪೆಂಡಾಲಿನ ಹಾಗಿತ್ತು. ಒಳಗೆ ದಪ್ಪನೆಯ ಗ್ರಾಫಿಕ್ಸ್ ಕಾರ್ಡು. ಮಗಳ ಕಣ್ಣು ಅದರ ಮೇಲೆಯೇ ನಿಂತಿತು. ಬೆಲೆ ನಮ್ಮ ಹಣವನ್ನು ಪೂರಾ ನುಂಗಿ ಮೇಲೆ ಇಪ್ಪತ್ತು ಸಾವಿರ ಕೇಳುತ್ತಿತ್ತು. ತಂಗಿಯ ಮಗ ಅವಳಿಗೆ ಬಿಡಿಸಿ ಹೇಳಿದ: ಗ್ರಾಫಿಕ್ಸ್ ಕಾರ್ಡು ಬೇಕಾಗುವುದು ಆಟ ಆಡುವವರಿಗೆ, ಸಿನಿಮಾ ಚಿತ್ರ ಜೋಡಿಸುವವರಿಗೆ. ಹಾಡಿಗೆ ಅದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಸಾಲದ್ದಕ್ಕೆ ಅದರ ಫ್ಯಾನಿನ ಸದ್ದು ಮೈಕಿನೊಳಕ್ಕೆ ಬಂದು ಕೂರುತ್ತದೆ. ಹಾಡು ಹಿಡಿಯುವ ಕಂಪ್ಯೂಟರಿಗೆ ಮೊದಲು ಬೇಕಾದದ್ದು ಮೌನ.

ಇನ್ನೊಂದು ಅಂಗಡಿಯಲ್ಲಿ ಕಚೇರಿಗಳಿಂದ ಬಂದ ಹಳೆಯ ಕಂಪ್ಯೂಟರು ಹದಿನೈದು ಸಾವಿರಕ್ಕೆ ಇತ್ತು. ಅದು ಆಸೆ ಹುಟ್ಟಿಸುವ ಬೆಲೆಯೇ. ಬರೀ ಹಾಡು ಹಿಡಿಯುವುದಕ್ಕೆ ಅದೂ ಸಾಕು. ಆದರೆ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಇರಬೇಕು. ಹಳೆಯ ಸಾಮಾನು ರಾಶಿ ರಾಶಿ ಅಗ್ಗಕ್ಕೆ ಬರುತ್ತಿರುವುದಕ್ಕೆ ಇದೂ ಒಂದು ಕಾರಣ. ಅದಲ್ಲದೆ ಹಳೆಯ ಫ್ಯಾನು, ಹಳೆಯ ಪವರ್ ಸಪ್ಲೈ ಯಾವಾಗ ಕೈ ಕೊಡುತ್ತವೆಂದು ಹೇಳುವ ಹಾಗಿಲ್ಲ. ಆರು ವಾರದ ಗಡುವು ಇಟ್ಟುಕೊಂಡ ನಮಗೆ ಆ ಧೈರ್ಯ ಬರಲಿಲ್ಲ.

ಲ್ಯಾಪ್‌ಟಾಪಿನ ಮಾತೂ ಬಂತು. ಊರೂರು ತಿರುಗಿ ಹಾಡು ಹಿಡಿಯುವವರಿಗೆ ಅದೇ ಸರಿ. ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ಆದರೆ ಅದೇ ಶಕ್ತಿಯ ಮೇಜಿನ ಕಂಪ್ಯೂಟರ್ ಕಡಿಮೆ ಬೆಲೆಗೆ ಬರುತ್ತದೆ, ಕೆಟ್ಟ ಭಾಗವನ್ನು ಮಾತ್ರ ಬದಲಾಯಿಸಬಹುದು, ನಮ್ಮ ಊರಿನಲ್ಲೇ ರಿಪೇರಿಯಾಗುತ್ತದೆ. ಮನೆಯಲ್ಲೇ ಕೂತು ಹಾಡುವ ನಮ್ಮ ಅತ್ತೆಗೆ ಅದೇ ಸಾಕೆಂದು ತೀರ್ಮಾನಿಸಿದೆವು.

ಒಳಗಿನ ಸಾಮಾನು

ಕೊನೆಗೆ ಗಲ್ಲಿಯೊಂದರ ಮಹಡಿಯ ಮೇಲಿದ್ದ ಸಣ್ಣ ಅಂಗಡಿಯ ಯಜಮಾನರು ನಮ್ಮ ಮಾತನ್ನು ಪೂರ್ತಿ ಕೇಳಿದರು. "ಏನ್ ಹಾಡ್ತೀರ? ಎಷ್ಟು ಜನ ಹಾಡ್ತೀರ?" ಎಂದು ವಿಚಾರಿಸಿ ಕಾಗದದ ಮೇಲೆ ಪಟ್ಟಿ ಬರೆದರು. ಅಡುಗೆಮನೆಯ ಲೆಕ್ಕದಲ್ಲಿ ಹೇಳಿದರೆ ಅದು ನಮಗೆ ಬೇಗ ತಿಳಿಯುತ್ತದೆ.

ಪ್ರೊಸೆಸರ್ ಎಂದರೆ ಅಡುಗೆಯವರು. ಒಂದೊಂದು ಕೋರ್ ಒಬ್ಬೊಬ್ಬ ಅಡುಗೆಯವರು ಎಂದುಕೊಳ್ಳಿ. ನಮಗೆ ಸಿಕ್ಕಿದ್ದು ಆರು ಕೋರಿನ ರೈಜನ್ 5 5600ಜಿ. 2021ರಲ್ಲಿ ಬಂದ ಮಾದರಿ ಇದು, ಹೊಸದಲ್ಲ. ಆದರೆ ಹೆಸರಿನ ಕೊನೆಯ 'ಜಿ' ಅಕ್ಷರದ ಅರ್ಥ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಅದರೊಳಗೇ ಇದೆ ಎಂದು. ಬೇರೆ ಕಾರ್ಡು ಬೇಡ. ಇಂಟೆಲ್ ಕೊಳ್ಳುವವರು ಹೆಸರಿನ ಕೊನೆಗೆ 'ಎಫ್' ಅಕ್ಷರ ಇದೆಯೇ ನೋಡಿ. ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡು ಕೊಳ್ಳಲೇಬೇಕಾಗುತ್ತದೆ. ಸ್ವಲ್ಪ ಅಗ್ಗವೆಂದು ಅದನ್ನು ತಂದರೆ ಕುದುರೆಗಿಂತ ಲಗಾಮೇ ತುಟ್ಟಿಯಾದೀತು.

ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಕಟ್ಟೆ ಅಗಲವಾಗಿದ್ದಷ್ಟೂ ಒಟ್ಟಿಗೆ ಹೆಚ್ಚು ಪಾತ್ರೆ ಹರಡಿಕೊಳ್ಳಬಹುದು. ಹತ್ತು ಹನ್ನೆರಡು ದನಿ ಬೆರೆಸುವ ನಮ್ಮ ಕೆಲಸಕ್ಕೆ 16 ಜಿಬಿ ಧಾರಾಳ. ಒಂದೇ 16ರ ಬದಲು ಎಂಟೆಂಟರ ಎರಡು ಪಟ್ಟಿ ಹಾಕಿಸಿದೆವು, ಜೋಡಿಯಾಗಿ ಕೆಲಸ ಬೇಗ ಆಗುತ್ತದೆ. ಪಿಟೀಲು, ಮೃದಂಗಗಳ ದನಿಯನ್ನೆಲ್ಲ ಕಂಪ್ಯೂಟರಿನಿಂದಲೇ ನುಡಿಸುವವರಿಗೆ ಮಾತ್ರ 32 ಬೇಕಾಗುತ್ತದೆ. ನಾವು ಹೋದ ಸಮಯಕ್ಕೆ ಸರಿಯಾಗಿ ಈ ರ‍್ಯಾಮಿನ ಬೆಲೆ ಏರಿ ಕೂತಿತ್ತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಎಲ್ಲ ಹರಿದು ಹೋಗುತ್ತಿರುವುದೇ ಅದಕ್ಕೆ ಕಾರಣವಂತೆ. ಎಲ್ಲೋ ನಡೆಯುವ ದೊಡ್ಡವರ ಔತಣಕ್ಕೆ ನಮ್ಮ ಮನೆಯ ಬೇಳೆಯ ಬೆಲೆ ಏರಿದ ಹಾಗಾಯಿತು.

ಅಷ್ಟು ಹಣ ಅಲ್ಲಿ ಹೋದ ಮೇಲೆ ಬೇರೆ ಕಡೆ ಕೈ ಬಿಗಿ ಹಿಡಿಯಲೇಬೇಕಾಯಿತು. ಹೊಸ ಪರದೆ ಕೊಳ್ಳಲಿಲ್ಲ. ಮನೆಯ ಟಿ.ವಿ.ಗೆ ಎಚ್‌ಡಿಎಂಐ ತೂತು ಇತ್ತು, ಅದನ್ನೇ ಪರದೆ ಮಾಡಿಕೊಂಡರಾಯಿತೆಂದು ಮಗಳೇ ಹೇಳಿದಳು. ಗಾಜಿನ ಪೆಟ್ಟಿಗೆಯ ಆಸೆಯನ್ನೂ ಅವಳೇ ಬಿಟ್ಟಳು. "ಅಜ್ಜಿ ಹಾಡು ಮುಖ್ಯ ಕಣಮ್ಮ, ದೀಪ ಯಾರಿಗೆ ಬೇಕು" ಎಂದಳು. ಅವಳ ಆ ಒಂದು ಮಾತಿಗೆ ನನಗೆ ಬೆಂಗಳೂರಿನ ಬಿಸಿಲೂ ತಂಪಾಯಿತು.

ಉಗ್ರಾಣಕ್ಕೆ 500 ಜಿಬಿಯ ಎಸ್‌ಎಸ್‌ಡಿ. ಹಳೆಯ ಹಾರ್ಡ್‌ಡಿಸ್ಕಿನ ಹಾಗೆ ಇದರೊಳಗೆ ತಿರುಗುವ ತಟ್ಟೆಯಿಲ್ಲ, ಆದ್ದರಿಂದ ಸದ್ದಿಲ್ಲ. ಜಾಗ ಸಾಕೇ ಎಂಬ ಅನುಮಾನಕ್ಕೆ ಯಜಮಾನರು ಲೆಕ್ಕ ಹಾಕಿ ತೋರಿಸಿದರು. ಒಂದು ಸೆಕೆಂಡಿಗೆ 48,000 ಬಾರಿ ದನಿಯನ್ನು ಅಳೆದು, ಒಂದೊಂದು ಅಳತೆಗೆ 24 ಬಿಟ್ ಕೊಟ್ಟರೆ ಒಂದು ದನಿಗೆ ನಿಮಿಷಕ್ಕೆ ಹೆಚ್ಚುಕಡಿಮೆ 8.6 ಎಂಬಿ. ನೂರು ಹಾಡು, ಒಂದೊಂದು ನಾಲ್ಕು ನಿಮಿಷ, ಒಂದೊಂದಕ್ಕೂ ಆರು ದನಿ ಎಂದರೂ ಸುಮಾರು 21 ಜಿಬಿ. ಅತ್ತೆಯ ಪದಗಳು ಎಷ್ಟಿದ್ದರೂ ಉಗ್ರಾಣದ ಒಂದು ಮೂಲೆಗೆ ಸಾಕು.

ಪವರ್ ಸಪ್ಲೈಯನ್ನು ಮಾತ್ರ ಹೆಸರಿಲ್ಲದ ಅಗ್ಗದ್ದು ತರಬಾರದು. ಅದು ಕೆಟ್ಟರೆ ಜೊತೆಯವನ್ನೂ ಕೆಡಿಸಿಯೇ ಹೋಗುತ್ತದೆ. ಕ್ಯಾಬಿನೆಟ್ಟಿಗೆ 120 ಮಿಲಿಮೀಟರಿನ ದೊಡ್ಡ ಫ್ಯಾನು ಹಾಕಿಸಿದೆವು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿದರೂ ಬೇಕಾದಷ್ಟು ಗಾಳಿ ಬರುತ್ತದೆ, ಸದ್ದು ಕಡಿಮೆ. ಸದ್ದು ಪರೀಕ್ಷೆ ಮಾಡೋಣವೆಂದು ಕಿವಿಯಿಟ್ಟರೆ ಎಸ್.ಪಿ. ರಸ್ತೆಯ ಹಾರನ್ನಿನ ನಡುವೆ ಏನು ಕೇಳೀತು! ಯಜಮಾನರು ನಗುತ್ತ ಹಿಂದಿನ ಗೋಡೌನಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಚಾಲೂ ಮಾಡಿ ತೋರಿಸಿದರು.

ಡಬ್ಬಿಯೊಳಗಿನ ಸಾಮಾನು, ಕೀಬೋರ್ಡು, ಮೌಸು ಎಲ್ಲ ಸೇರಿ, 18 ಪರ್ಸೆಂಟ್ ಜಿಎಸ್‌ಟಿಯೂ ಸೇರಿ, 34,000 ಆಯಿತು. ಬೇರೊಂದು ಅಂಗಡಿಯಲ್ಲಿ ಬಿಲ್ಲು ಬೇಡವಾದರೆ ಎರಡು ಸಾವಿರ ಬಿಡುತ್ತೇವೆ ಎಂದಿದ್ದರು. ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳುವಾಗ ತಲೆನೋವು. ಅಂತಹ ಎರಡು ಸಾವಿರದ ಆಸೆಗೆ ಬೀಳದಿರುವುದೇ ಮೇಲು.

ಮೈಕು ಮತ್ತು ನಡುವಿನ ಪೆಟ್ಟಿಗೆ

ಮೈಕನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚುವ ಬದಲು ನಡುವೆ ಒಂದು ಸಣ್ಣ ಪೆಟ್ಟಿಗೆ ಇಡುತ್ತಾರೆ. ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ದನಿಯನ್ನು ಅಂಕಿಗಳಾಗಿ ಬದಲಾಯಿಸುವುದೂ, ಅಂಕಿಗಳನ್ನು ಮತ್ತೆ ದನಿಯಾಗಿಸಿ ಹೆಡ್‌ಫೋನಿಗೆ ಕೊಡುವುದೂ ಇದರ ಕೆಲಸ. ಹಾಡಿನ ಗುಣ ನಿಲ್ಲುವುದು ಪ್ರೊಸೆಸರಿಗಿಂತ ಹೆಚ್ಚಾಗಿ ಈ ಪೆಟ್ಟಿಗೆ, ಮೈಕು ಮತ್ತು ಹಾಡುವ ಕೋಣೆಯ ಮೇಲೆ. ಆದ್ದರಿಂದ ಎಲ್ಲ ಹಣವನ್ನೂ ಕಂಪ್ಯೂಟರಿಗೇ ಸುರಿಯಬಾರದು. ನಾವು ಕೊಂಡದ್ದು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ. ಅದಕ್ಕೆ ಒಂದೇ ಮೈಕು ಹಾಕಬಹುದು. ಒಬ್ಬೊಬ್ಬರಾಗಿ ಹಾಡುವ ನಮಗೆ ಒಂದೇ ಸಾಕು.

ಮೈಕಿನಲ್ಲಿ ಎರಡು ಬಗೆ. ಡೈನಮಿಕ್ ಮೈಕು ಹತ್ತಿರದ ದನಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಗಲಾಟೆಯ ಮನೆಗೆ ಒಳ್ಳೆಯದು. ಕಂಡೆನ್ಸರ್ ಮೈಕು ಉಸಿರಾಡಿದ್ದನ್ನೂ ಬಿಡುವುದಿಲ್ಲ. ಅದಕ್ಕೆ 48 ವೋಲ್ಟ್ ವಿದ್ಯುತ್ತು ಬೇಕು, ಆ ಪೆಟ್ಟಿಗೆಯೇ ಕೊಡುತ್ತದೆ. ಅತ್ತೆಯವರ ದನಿ ಮೆಲು. ಮೈಕನ್ನು ಬಾಯಿಗೆ ಹಿಡಿದುಕೊಂಡು ಹಾಡಿ ಎಂದರೆ ಅವರಿಗೆ ಹಿಡಿಸದು. ಅದಕ್ಕೇ ಕಂಡೆನ್ಸರ್ ಆರಿಸಿದೆವು, ಊರು ಮಲಗಿದ ಮೇಲೆ ಹಾಡು ಹಿಡಿಯುವುದೆಂದು ಮೊದಲೇ ನಿಶ್ಚಯಿಸಿಕೊಂಡೆವು.

ಅಂಗಡಿಯವರು ಹೇಳಿದ ಒಂದು ಉಪಾಯಕ್ಕೆ ಖರ್ಚು ಕಡಿಮೆ, ಪ್ರಯೋಜನ ಬಹಳ. ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ಲು ಹತ್ತು ಮೀಟರು ಉದ್ದವಿದ್ದರೂ ದನಿಗೆ ತೊಂದರೆಯಿಲ್ಲ. ಹಾಗಾಗಿ ಕಂಪ್ಯೂಟರನ್ನು ಒಂದು ಕೋಣೆಯಲ್ಲಿಟ್ಟು ಮೈಕನ್ನು ಇನ್ನೊಂದರಲ್ಲಿಡಬಹುದು. ದುಬಾರಿಯ ಸದ್ದಿಲ್ಲದ ಕ್ಯಾಬಿನೆಟ್ಟಿನ ಬದಲು ಒಂದು ಉದ್ದನೆಯ ವೈರಿನಿಂದ ಕೆಲಸವಾಯಿತು. ಪೆಟ್ಟಿಗೆ, ಮೈಕು, ಸ್ಟ್ಯಾಂಡು, ಕೇಬಲ್ಲು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಸೇರಿ 22,500. ಕರೆಂಟು ಹೋದಾಗ ಹಾಡಿದ್ದನ್ನು ಉಳಿಸಿ ಆರಿಸುವಷ್ಟು ಹೊತ್ತು ತಡೆಯುವ ಯುಪಿಎಸ್, ಪ್ರತಿ ತೆಗೆದಿಡಲು ಹೊರಗಿನ ಹಾರ್ಡ್‌ಡಿಸ್ಕು, ಎರಡಕ್ಕೂ 8,000. ಒಟ್ಟು 64,500. ಉಳಿದ ಐನೂರರಲ್ಲಿ ಮೂವರೂ ಊಟ ಮಾಡಿ ಅತ್ತೆಗೆ ಒಂದು ಮೊಳ ಮಲ್ಲಿಗೆ ತಂದೆವು.

ವಿಂಡೋಸ್ ಬೇಕಾದವರು ಅದರ ಲೈಸೆನ್ಸಿನ ಹಣವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ತಂಗಿಯ ಮಗ ನಮಗೆ ಹಾಕಿಕೊಟ್ಟದ್ದು ಉಬುಂಟು ಸ್ಟುಡಿಯೋ. ಅದು ಉಚಿತ. ಹಾಡು ಹಿಡಿಯುವ ಆಡಾಸಿಟಿ, ಬೆರೆಸುವ ಆರ್ಡರ್ ಎರಡೂ ಅದರ ಜೊತೆಗೇ ಬರುತ್ತವೆ.

ಮನೆಯಲ್ಲಿ ಹಾಡು

ಸಾಮಾನು ಹೊತ್ತುಕೊಂಡು ರೈಲಿನಲ್ಲಿ ವಾಪಸ್ಸಾದೆವು. ಬಸ್ಸಿನ ಕುಲುಕಾಟಕ್ಕಿಂತ ಅದೇ ವಾಸಿ. ಪೆಟ್ಟಿಗೆಯನ್ನು ನಿಲ್ಲಿಸದೆ, ಒಳಗಿನ ಬೋರ್ಡು ಕೆಳಗಾಗುವಂತೆ ಮಲಗಿಸಿ ತಂದೆವು.

ಹಾಡಿಗೆ ಕೋಣೆ ಆರಿಸುವುದೂ ಒಂದು ವಿದ್ಯೆ. ಖಾಲಿ ಗೋಡೆಯ ಹಾಲಿನಲ್ಲಿ ಚಪ್ಪಾಳೆ ತಟ್ಟಿದರೆ ಟಣ್ ಎಂದು ಮರುದನಿ ಬರುತ್ತದೆ. ಬಟ್ಟೆ, ಹಾಸಿಗೆ ತುಂಬಿದ ಕೋಣೆಯಲ್ಲಿ ಬರುವುದಿಲ್ಲ. ಆದ್ದರಿಂದ ಹಾಸಿಗೆ ಒಟ್ಟುವ ಕೋಣೆಯನ್ನೇ ಆರಿಸಿದೆವು. ಬೀರು ಬಾಗಿಲು ತೆರೆದು ಸೀರೆಗಳನ್ನು ಜೋತು ಬಿಟ್ಟು, ಎರಡು ಗೋಡೆಗೆ ಹಾಸಿಗೆ ಒರಗಿಸಿ, ನೆಲಕ್ಕೆ ಜಮಖಾನ ಹಾಸಿದೆವು. ಮೊದಲ ದಿನ ಹೂಂ ಎಂಬ ಗುಂಗು ಬಂತು. ಎಲೆಕ್ಟ್ರಿಷಿಯನ್ ಬಂದು ಆ ಪ್ಲಗ್ಗಿನ ಅರ್ತಿಂಗ್ ಸರಿಮಾಡಿದ ಮೇಲೆ ಹೋಯಿತು.

ರಾತ್ರಿ ಹತ್ತೂವರೆಗೆ ಊರು ಅಡಗಿದ ಮೇಲೆ ಶುರು. ಫ್ಯಾನು ಆರಿಸಿ, ಫ್ರಿಜ್ಜು ಆರಿಸಿ ಕೂರುವುದು. ಅತ್ತೆ ಮೊದಲ ದಿನ ಮೈಕನ್ನು ನೋಡಿ, "ಇದ್ರ ಮುಂದೆ ಒಬ್ಳೇ ಕುಂತು ಹಾಡಾಕೆ ನನಗೇನು ಹುಚ್ಚೇನವ್ವ? ಹಸೆ ಇಲ್ಲ, ಮದುವಣಗಿತ್ತಿ ಇಲ್ಲ" ಎಂದರು. ಮಗಳು ಅವರೆದುರಿಗೆ ಮಣೆ ಹಾಕಿ ಕೂತು, "ನಾನೇ ಮದುವಣಗಿತ್ತಿ ಅಂದ್ಕೊಂಡು ಹಾಡಜ್ಜಿ" ಎಂದಳು. ಅತ್ತೆ ಅವಳ ತಲೆ ನೇವರಿಸಿ ಹಾಡತೊಡಗಿದರು. ಆಮೇಲೆ ಮೈಕು ಇದೆ ಎಂಬುದನ್ನೇ ಮರೆತರು. ದಿನಕ್ಕೆ ಮೂರು ನಾಲ್ಕು ಹಾಡು, ಆಯಾಸವಾದ ದಿನ ಒಂದೇ. ಕುತ್ತಿಗೆಗೆ ಕೈಯಿಟ್ಟುಕೊಂಡು, "ಇದೊಂದು ಉಳ್ಕೊಂಡೈತೆ, ನಾಳೀಕೆ ಮರ್ತು ಹೋದಾತು" ಎಂದು ಅವರೇ ನಮ್ಮನ್ನು ಎಬ್ಬಿಸಿದ ರಾತ್ರಿಯೂ ಉಂಟು. ಆಪರೇಷನ್ನಿಗೆ ಆಸ್ಪತ್ರೆ ಸೇರುವ ಹಿಂದಿನ ದಿನಕ್ಕೆ ಎಂಬತ್ತೇಳು ಹಾಡುಗಳಾಗಿದ್ದವು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು, ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನಿ ಒಡೆದಿದೆ. ಮಾತು ಸರಾಗವಾಗಿ ಬರುತ್ತದೆ, ಮೇಲಿನ ಸ್ವರ ಇನ್ನೂ ಏರುವುದಿಲ್ಲ. ತಿಂಗಳುಗಳು ಹಿಡಿಯಬಹುದು ಎಂದಿದ್ದಾರೆ ಡಾಕ್ಟರು. ಈಗ ಮಂಡಲಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಹೆಡ್‌ಫೋನಿನಲ್ಲಿ ಅತ್ತೆಯ ದನಿ ಕೇಳುತ್ತ ಸೊಲ್ಲು ಹಾಡಿ ಹೋಗುತ್ತಾರೆ. ಅತ್ತೆ ಪಕ್ಕದಲ್ಲೇ ಕೂತು ಯಾರು ಎಲ್ಲಿ ಎಳೆದರು, ಎಲ್ಲಿ ನುಂಗಿದರು ಎಂದು ತಿದ್ದುತ್ತಾರೆ.

ಹೀಗೆ ಮೇಲೆ ಹಾಡುವಾಗ ಒಂದು ತೊಡಕು ಬರುತ್ತದೆ. ತಮ್ಮ ದನಿಯೇ ತಮ್ಮ ಕಿವಿಗೆ ತಡವಾಗಿ ಬಂದರೆ ಹಾಡಲಾಗುವುದಿಲ್ಲ. ಬಫರ್ ಎಂಬ ಅಳತೆಯನ್ನು 128ಕ್ಕೆ ಇಟ್ಟರೆ ಅದರಿಂದಾಗುವ ತಡ ಸೆಕೆಂಡಿನ ಸಾವಿರದಲ್ಲಿ ಮೂರು ಭಾಗಕ್ಕೂ ಕಡಿಮೆ. 1024ಕ್ಕೆ ಇಟ್ಟರೆ ಇಪ್ಪತ್ತೊಂದು ಭಾಗ, ಆಗ ಕಿವಿಗೆ ಗೊತ್ತಾಗುತ್ತದೆ. ಹಾಡು ಹಿಡಿಯುವಾಗ ಚಿಕ್ಕದು, ಬೆರೆಸುವಾಗ ದೊಡ್ಡದು ಇಟ್ಟರೆ ಪ್ರೊಸೆಸರಿಗೂ ಹಗುರ. ವಿಂಡೋಸ್ ಇದ್ದವರು ಪೆಟ್ಟಿಗೆಯ ಕಂಪನಿಯೇ ಕೊಡುವ ಏಸಿಯೋ ಡ್ರೈವರ್ ಹಾಕಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿಯೂ ಇದೆ, ಅದನ್ನು ಒತ್ತಿದರೆ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಕಿವಿಗೆ ಬರುತ್ತದೆ.

ಬೆರೆಸುವುದು ಸಾರಿಗೆ ಹದ ನೋಡಿದ ಹಾಗೆ. ಅತ್ತೆಯ ದನಿ ನಡುವೆ, ಸೊಲ್ಲು ಹಿಡಿಯುವವರು ಅರ್ಧ ಎಡಕ್ಕೆ, ಅರ್ಧ ಬಲಕ್ಕೆ, ಹಾರ್ಮೋನಿಯಂ ಹಿಂದೆ. ಯಾವುದೂ ಇನ್ನೊಂದನ್ನು ನುಂಗಬಾರದು. ಹೆಡ್‌ಫೋನಿನಲ್ಲಿ ಕೇಳಿದ ಮೇಲೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಒಮ್ಮೆ ಕೇಳಬೇಕು. ಅಲ್ಲೂ ಮಾತು ಸ್ಪಷ್ಟವಾಗಿದ್ದರೆ ಹದ ಬಂತೆಂದು ಅರ್ಥ.

ಹೋಗುವವರಿಗೆ ನಾಲ್ಕು ಮಾತು

ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಹನ್ನೊಂದರ ಹೊತ್ತಿಗೆ ಹೋದರೆ ಸರಿ. ಏನು ಕೆಲಸಕ್ಕೆ ಬೇಕು, ಎಷ್ಟು ಹಣವಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೂರು ನಾಲ್ಕು ಕಡೆ ಬೆಲೆ ಬರೆಸಿಕೊಳ್ಳಿ, ಬೆಲೆ ವಾರವಾರಕ್ಕೂ ಬದಲಾಗುತ್ತದೆ. ಪೆಟ್ಟಿಗೆಯ ಸೀಲು ನಿಮ್ಮೆದುರಿಗೇ ಒಡೆಯಲಿ. ಬಿಲ್ಲಿನಲ್ಲಿ ಒಂದೊಂದು ಭಾಗದ ಸೀರಿಯಲ್ ನಂಬರೂ ಇರಲಿ. ಜೋಡಿಸಿ ಮುಗಿದ ಮೇಲೆ ಅರ್ಧ ಗಂಟೆ ಓಡಿಸಿ ನೋಡಿ. ಪೇಟೆಯ ಗಲ್ಲಿಗಳಲ್ಲಿ ಹೆಂಗಸರಿಗೆ ಶೌಚಾಲಯ ಸಿಕ್ಕುವುದು ಕಷ್ಟ, ಮೆಟ್ರೋ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಡಿ. ಕುಡಿಯುವ ನೀರು, ಗಟ್ಟಿ ಚೀಲ, ಕಾಲಿಗೆ ಒಳ್ಳೆಯ ಚಪ್ಪಲಿ ಇರಲಿ.

ಕೊನೆಯದೊಂದು ಮಾತು. ಹಿಡಿದ ಹಾಡು ಒಂದೇ ಕಡೆ ಇರಬಾರದು. ನಮ್ಮಲ್ಲಿ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೀರುವಿನ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೆಂಗಳೂರಿನ ತಂಗಿಯ ಮನೆಯಲ್ಲಿ ಇದೆ. ವರ್ಷಕ್ಕೊಮ್ಮೆ ತೆಗೆದು ಎಲ್ಲ ಕೇಳುತ್ತವೆಯೇ ಎಂದು ನೋಡಬೇಕು. ಉಪ್ಪಿನಕಾಯಿ ಭರಣಿಯನ್ನು ಆಗಾಗ ತೆಗೆದು ನೋಡುವ ನಮಗೆ ಇದೇನೂ ಹೊಸ ಕೆಲಸವಲ್ಲ. ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ, ಕಂಪ್ಯೂಟರಿಗೆ ಹಣ ಕೂಡುವವರೆಗೆ ಕಾಯಬೇಡಿ. ಹಾಸಿಗೆ ಕೋಣೆಯಲ್ಲಿ ಫ್ಯಾನು ಆರಿಸಿ, ಕೈಯಲ್ಲಿರುವ ಮೊಬೈಲಿನಲ್ಲೇ ಇವತ್ತು ಒಂದು ಹಾಡು ಹಿಡಿಯಿರಿ. ಒಳ್ಳೆಯ ಮೈಕು ನಾಳೆ ಬಂದೀತು.